ಮೇಲಿನ ಸಾಲಿನ ಹಾಜರಿ

ಓಣಿಯ ಸಂಘದ ಕೋಣೆಯಲ್ಲಿ ಮೂರು ಕುರ್ಚಿಗಳು ಯಾವಾಗಲೂ ಒದ್ದೆಯಾಗಿರುತ್ತಿದ್ದವು. ಮಾಡು ಸೋರುತ್ತಿರಲಿಲ್ಲ, ಪ್ಲಂಬರ್ ಮೇಲೆ ಹತ್ತಿ ಒಂದೊಂದು ಶೀಟನ್ನೂ ತಟ್ಟಿ ನೋಡಿದ್ದ. ನಲ್ಲಿ ಇದ್ದದ್ದು ಹೊರಗೆ, ಅಂಗಡಿ ಚಿಕ್ಕಮ್ಮನ ಕಟ್ಟೆಯ ಪಕ್ಕ. ಆದರೂ ಬೀಗ ತೆಗೆದು ಒಳಗೆ ಹೋದರೆ, ಮುಂದಿನ ಸಾಲಿನ ಎಡಗಡೆಯ ಆ ಮೂರು ಕುರ್ಚಿಗಳಲ್ಲಿ ಮಾತ್ರ ಅಂಗೈಯಗಲ ನೀರು ನಿಂತಿರುತ್ತಿತ್ತು. ನೀರಿನ ತಳದಲ್ಲಿ ಹಿಟ್ಟಿನಷ್ಟು ನುಣುಪಾದ ಕೆಂಪು ಮಣ್ಣು. ಸಂಘದ ಕಾರ್ಯದರ್ಶಿಯಾದ ಟೈಲರಮ್ಮ ತನ್ನ ಹೊಲಿಗೆಯ ಚಿಂದಿ ತಂದು ಒರೆಸಿ, ಹಿಂಡಿ, ಮತ್ತೆ ಒರೆಸುತ್ತಿದ್ದಳು. ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ. ಆ ಕುರ್ಚಿಗಳ ಮೇಲೆ ಯಾರೂ ಕೂರುತ್ತಲೂ ಇರಲಿಲ್ಲ.

ಕುರ್ಚಿಗಳನ್ನು ಕೊಟ್ಟದ್ದು ನಗರಪಾಲಿಕೆ. ಮನೆಗೊಂದರಂತೆ, ಬೆನ್ನಿಗೆ ಬಿಳಿ ಅಕ್ಷರದಲ್ಲಿ 'ಪಾಲಿಕೆಯ ಬೆಂಬಲದೊಂದಿಗೆ' ಎಂದು ಬರೆಸಿ. ಓಣಿಯಲ್ಲಿ ಇಪ್ಪತ್ತೆರಡು ಮನೆಗಳಿದ್ದವು. ಇಪ್ಪತ್ತು ಮನೆಗಿಂತ ಕಮ್ಮಿಯಿದ್ದರೆ ಸಂಘಕ್ಕೆ ಮಾನ್ಯತೆ ಇಲ್ಲ ಎಂಬುದು ಪಾಲಿಕೆಯ ನಿಯಮ. ಮಾನ್ಯತೆ ಇಲ್ಲದ ಓಣಿಯವರು ಕಚೇರಿಗೆ ಹೋದರೆ ಕಾವಲಿನವನೇ ಮಾತಾಡಿಸಿ ಕಳಿಸುತ್ತಾನೆ. ಮಾನ್ಯತೆ ಇದ್ದವರನ್ನು ಒಳಗೆ ಕರೆದು, ಫ್ಯಾನಿನ ಕೆಳಗೆ ಕೂರಿಸಿ, ಚಹಾ ಕೊಟ್ಟು ಕಳಿಸುತ್ತಾರೆ. ಎರಡೂ ಕಡೆ ಕೆಲಸ ಆಗುವುದಿಲ್ಲ, ಆದರೆ ಚಹಾ ಕುಡಿದವನಿಗೆ ಜಗಳ ಆಡಲು ನಾಚಿಕೆಯಾಗುತ್ತದೆ. ನಗರ ತನ್ನ ಜನರನ್ನು ಪಳಗಿಸುವ ಬಗೆ ಅದು.

ಓಣಿಯ ಬೆನ್ನಿಗೆ ಒಂದು ತಡೆಗೋಡೆ. ಗೋಡೆಯ ಮೇಲೆ, ಮೂರಾಳು ಎತ್ತರದಲ್ಲಿ, ಲಾರಿಗಳು ಓಡಾಡುವ ದೊಡ್ಡ ರಸ್ತೆ. ಇಳಿಜಾರಿನ ಉದ್ದಕ್ಕೂ ಗೋಡೆಯ ಬುಡದಲ್ಲಿ ಮನೆಗಳು. ಗೋಡೆ ಕಟ್ಟಿದವರು ಅದರಲ್ಲಿ ಮೊಳಕ್ಕೊಂದರಂತೆ ತೂತು ಬಿಟ್ಟಿದ್ದರು, ಹಿಂದಿನ ಮಣ್ಣು ಕುಡಿದ ನೀರು ಇಳಿದುಹೋಗಲಿ ಅಂತ. ಆ ತೂತುಗಳಿಂದ ವರ್ಷವಿಡೀ ನೀರು ಜಿನುಗುತ್ತಿತ್ತು, ಪಾಚಿ ಬೆಳೆಯುತ್ತಿತ್ತು. ಗೋಡೆ ಬಿರುಕು ಬಿಟ್ಟಿದೆ ಎಂದು ಓಣಿಯವರು ಅರ್ಜಿ ಕೊಟ್ಟಾಗಲೆಲ್ಲ ಅದು ಯಾರ ಗೋಡೆ ಎಂಬುದೇ ನಗರಕ್ಕೆ ತಿಳಿಯುತ್ತಿರಲಿಲ್ಲ. ರಸ್ತೆಯವರು ಚರಂಡಿಯವರ ಕಡೆ ಕೈ ತೋರಿಸುತ್ತಿದ್ದರು. ಚರಂಡಿಯವರು, ಗೋಡೆ ಅಂದಮೇಲೆ ಅದು ಕಟ್ಟಡದವರದ್ದು ತಾನೇ ಅನ್ನುತ್ತಿದ್ದರು. ಕಟ್ಟಡದವರು ಊಟಕ್ಕೆ ಹೋಗಿರುತ್ತಿದ್ದರು.

ಆಮೇಲೆ 'ಅಚ್ಚುಕಟ್ಟಾದ ಓಣಿ' ಸ್ಪರ್ಧೆ ಬಂತು. ಅದನ್ನು ಹೊತ್ತುಕೊಂಡು ಬಂದವನು ಪಾಲಿಕೆಯ ಸಂಪರ್ಕಾಧಿಕಾರಿ. ನಯವಾದ ಮನುಷ್ಯ, ಯಾರ ಮೇಲೂ ದನಿ ಎತ್ತಿದವನಲ್ಲ. ಎರಡು ಮಾತಿಗೊಮ್ಮೆ ಬೆಂಬಲ ಅನ್ನುತ್ತಿದ್ದುದರಿಂದ ಓಣಿ ಅವನಿಗೆ 'ಬೆಂಬಲ ಸಾಹೇಬ್ರು' ಎಂದು ಹೆಸರಿಟ್ಟಿತ್ತು. ಗೋಡೆಯ ಮುಂದೆ ನಿಂತು ಅವನು ತಲೆ ಅಲ್ಲಾಡಿಸಿದ್ದ.

"ಎಲ್ಲಾ ಚೆನ್ನಾಗಿದೆ ಮೇಷ್ಟ್ರೇ. ಈ ಸೋರೋ ತೂತುಗಳಿಂದಲೇ ಅಂಕ ಹೋಗೋದು. ಸಿಮೆಂಟು ನಾವು ಕೊಡ್ತೀವಿ, ಬಣ್ಣ ನಾವು ಕೊಡ್ತೀವಿ. ಕೈ ಮಾತ್ರ ನಿಮ್ಮದು."

ಸಂಘದ ಅಧ್ಯಕ್ಷರಾದ ಮೇಷ್ಟ್ರು, ನಿವೃತ್ತ ಹೆಡ್‌ಮಾಸ್ಟರು, ಅಂಕ ಎಂಬ ಮಾತಿಗೆ ಸೋತರು. ನಲವತ್ತು ವರ್ಷ ಬೇರೆಯವರಿಗೆ ಅಂಕ ಕೊಟ್ಟವರು. ಅವರಿಗೆ ಯಾರೂ ಕೊಟ್ಟಿರಲಿಲ್ಲ. ಟೈಲರಮ್ಮ ಎಲ್ಲರಿಗೂ ಹಸಿರು ಟೋಪಿ ಹೊಲಿದುಕೊಟ್ಟಳು. ಮೊದಲ ತೂತಿಗೆ ಬೆಂಬಲ ಸಾಹೇಬರೇ ಕರಣೆ ಹಿಡಿದು ಸಿಮೆಂಟು ಮೆತ್ತಿದರು. ಉಳಿದದ್ದನ್ನು ಓಣಿ ನಗುನಗುತ್ತಾ ಮುಚ್ಚಿತು. ಅದರ ಮೇಲೆ ಸುಣ್ಣ, ಸುಣ್ಣದ ಮೇಲೆ ಚಿಟ್ಟೆಗಳು. ನೀಲಿ, ಹಳದಿ, ಕಿತ್ತಳೆ. ಓಣಿಗೆ ಮೊದಲ ಬಹುಮಾನ ಬಂತು.

ಮಳೆಗಾಲದ ಒಂದು ಬೆಳಗಿನ ಜಾವ ಇಳಿಜಾರಿನ ಮೇಲ್ತುದಿಯಲ್ಲಿ ಗೋಡೆ ಕುಸಿದು, ಮೇಲಿನ ಸಾಲಿನ ಮೂರು ಮನೆಗಳ ಮೇಲೆ ಬಿತ್ತು. ಗಡಿಯಾರದ ಮನೆಯಲ್ಲಿ ಗಡಿಯಾರ ರಿಪೇರಿಯವನೂ ಅವನ ತಾಯಿಯೂ. ನರ್ಸಮ್ಮಂದಿರ ಮನೆಯಲ್ಲಿ ಬಾಡಿಗೆಗಿದ್ದ ಇಬ್ಬರು ಅಕ್ಕತಂಗಿಯರು. ನೀಲಿ ಬಾಗಿಲ ಮನೆಯಲ್ಲಿ ಟೈಲರಮ್ಮನ ಸ್ವಂತ ಅಕ್ಕ. ಭಾವ ಬದುಕಿದ್ದು ಬ್ರೆಡ್ ಕಾರ್ಖಾನೆಯ ಒಲೆಯ ಮುಂದೆ ಇದ್ದುದರಿಂದ. ಅವನು ಮೈತುಂಬ ಮೈದಾ ಹಿಟ್ಟು ಹೊತ್ತು ಓಡಿ ಬಂದಾಗ ಮಣ್ಣಿನ ಗುಡ್ಡೆಯ ಮೇಲೆ ಅರ್ಧ ಚಿಟ್ಟೆಯೊಂದು ಅಂಗಾತ ಬಿದ್ದಿತ್ತು.

ಬೆಂಬಲ ಸಾಹೇಬರು ಆವತ್ತೂ ಬಂದಿದ್ದರು. "ಈ ದುಃಖದಲ್ಲಿ ನಿಮ್ಮ ಸಂಘಕ್ಕೆ ನಮ್ಮ ಪೂರ್ತಿ ಬೆಂಬಲ ಇದೆ" ಅಂದರು. ಆ ಕುರ್ಚಿಗಳು ಬಂದದ್ದು ಆಮೇಲೆ. ಇಪ್ಪತ್ತೆರಡು.

ಓಣಿಗೊಂದು ಹಳೇ ರೂಢಿಯಿತ್ತು. ಸಭೆಯ ಶುರುವಿಗೆ ಮೇಷ್ಟ್ರು ಮನೆಗಳ ಹೆಸರು ಕೂಗುತ್ತಿದ್ದರು, ಆ ಮನೆಯವರು "ಇದ್ದೀವಿ" ಅನ್ನಬೇಕು. ಕೆಲಸಕ್ಕೆ ಹೋದವರು, ಒಲೆ ಬಿಟ್ಟು ಬರಲಾಗದವರು ಇದ್ದರೆ ಅವರ ಪರವಾಗಿ ಪಕ್ಕದ ಮನೆಯವರು ಅನ್ನುತ್ತಿದ್ದರು. ಅದರಲ್ಲಿ ಮೋಸವೇನೂ ಇರಲಿಲ್ಲ. ಒಬ್ಬರ ಬೀಗದ ಕೈ ಇನ್ನೊಬ್ಬರ ಮನೆಯಲ್ಲಿರುವ ಓಣಿ ಅದು. ಒಬ್ಬರ ದನಿ ಇನ್ನೊಬ್ಬರ ಗಂಟಲಲ್ಲಿದ್ದರೆ ಏನಂತೆ? ಕುಸಿತದ ನಂತರದ ಮೊದಲ ಸಭೆಯಲ್ಲಿ ಮೇಷ್ಟ್ರು ಬಾಯಿ ರೂಢಿಯಿಂದ "ಗಡಿಯಾರದ ಮನೆ" ಎಂದುಬಿಟ್ಟರು. ಆಗ ಅಂಗಡಿ ಚಿಕ್ಕಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, "ಇದ್ದೀವಿ" ಅಂದಳು. ನರ್ಸಮ್ಮಂದಿರ ಮನೆಗೆ ಪ್ಲಂಬರ್ ಅಂದ. ನೀಲಿ ಬಾಗಿಲ ಮನೆಗೆ ಭಾವ ಅಂದ.

ಹಾಗೆ ಇಪ್ಪತ್ತೆರಡು ಉಳಿಯಿತು, ಮಾನ್ಯತೆಯೂ ಉಳಿಯಿತು. ಪಾಲಿಕೆಗೆ ಗೊತ್ತಿರಲಿಲ್ಲವೇ? ಹೆಣ ಎತ್ತಿಸಿದ್ದೇ ಅವರು. ಗೊತ್ತಿದ್ದೂ ಸುಮ್ಮನಿದ್ದರು. ಆಗ ಓಣಿ ಅದನ್ನು ದೊಡ್ಡ ಮನಸ್ಸು ಅಂದುಕೊಂಡಿತು.

ಸತ್ತವರ ಹಾಜರಿ ದಿನ ಕಳೆದಂತೆ ಗಟ್ಟಿಯಾಗುತ್ತಾ ಬಂತು. ಭಾವ "ಇದ್ದೀವಿ" ಅಂದಾಗ ಟೈಲರಮ್ಮನಿಗೆ ಎರಡು ದನಿ ಕೇಳಿಸುತ್ತಿತ್ತು. ಒಂದು ಭಾವನದು, ಒಲೆಯ ಹೊಗೆಗೆ ಒಡೆದದ್ದು. ಇನ್ನೊಂದು ಅದರ ಬೆನ್ನಿಗೇ, ಕೊನೆಯ ಅಕ್ಷರವನ್ನು ಎಳೆಯುತ್ತಾ, ಅಕ್ಕ ಅಡುಗೆಮನೆಯಿಂದ ಎಳೆಯುತ್ತಿದ್ದ ಹಾಗೆ. ಒಮ್ಮೆ ಅವಳು ಪಕ್ಕದಲ್ಲಿದ್ದ ಚಿಕ್ಕಮ್ಮನ ಮುಖ ನೋಡಿದಳು. ಚಿಕ್ಕಮ್ಮ ನೆಲ ನೋಡುತ್ತಾ, "ನನಗೂ ಕೇಳ್ಸುತ್ತೆ ಕಣೇ. ಸುಮ್ನಿರು" ಅಂದಳು.

ಉಳಿದ ಗೋಡೆ ಹಾಗೆಯೇ ನಿಂತಿತ್ತು, ತೂತುಗಳೆಲ್ಲ ಮುಚ್ಚಿಕೊಂಡು. ಅದರ ಬುಡದಲ್ಲೇ ಟೈಲರಮ್ಮನ ಮನೆ. ಅವಳ ಹಿಂದಿನ ಕೋಣೆಯಲ್ಲಿ ಈಗ ಭಾವ ಇರುತ್ತಿದ್ದ. ಗೋಡೆಗೆ ಹೊಟ್ಟೆ ಬಂದಿತ್ತು. ಬಿರುಕುಗಳು ಚಿಟ್ಟೆಗಳ ನಡುವೆ ಹಾದುಹೋಗಿ, ರೆಕ್ಕೆಗಳು ಹಿಗ್ಗುತ್ತಿದ್ದವು. ಒಂದು ಹಳದಿ ಚಿಟ್ಟೆಯಂತೂ ಇನ್ನೇನು ಹಾರಿಯೇಬಿಡುತ್ತದೆ ಎಂಬಂತೆ ಅಗಲವಾಗಿತ್ತು. ಬೇರೆ ಎಲ್ಲಾದರೂ ಹೋಗೋಣ ಎಂದರೆ ಭಾವ, "ಬಾಡಿಗೆ ನಿಮ್ಮ ಬೆಂಬಲ ಸಾಹೇಬ್ರು ಕೊಡ್ತಾರಾ?" ಅನ್ನುತ್ತಿದ್ದ. ಆಮೇಲೆ ದನಿ ತಗ್ಗಿಸಿ, "ಅವಳೂ ಇಲ್ಲೇ ಇದ್ದಾಳಲ್ಲಮ್ಮ" ಅನ್ನುತ್ತಿದ್ದ.

ಮಳೆ ಮತ್ತೆ ಹತ್ತಿರ ಬಂದಾಗ ಬೆಂಬಲದ ಆ ಸಂಪರ್ಕಾಧಿಕಾರಿ ಟೈಲರಮ್ಮನ ಅಂಗಡಿಗೆ ಬಂದ. ಮೆಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಕೂತು, ಒಂದು ನೂಲಿನ ಉಂಡೆಯನ್ನು ಕೈಯಲ್ಲಿ ತಿರುಗಿಸುತ್ತಾ ಮಾತು ತೆಗೆದ.

"ಗೋಡೆ ಕೆಲಸಕ್ಕೆ ಎಲ್ಲಾ ತಯಾರಿದೆಯಮ್ಮ. ಎಂಜಿನಿಯರ್ರು ನಾಳೆ ಬಾ ಅಂದ್ರೂ ಬರ್ತಾರೆ. ಒಂದೇ ಒಂದು ತೊಡಕು. ತೂತು ಮುಚ್ಚಿದ್ದು ಯಾರು ಅಂತ ವಿಚಾರಣೆ ನಡೀತಿದೆಯಲ್ಲ, ಅದು ಮುಗಿಯೋವರೆಗೂ ಗೋಡೆ ಮುಟ್ಟೋ ಹಾಗಿಲ್ಲ."

"ಮುಚ್ಚಿದ್ದು ಯಾರು ಅಂತ ನಿಮಗೆ ಗೊತ್ತಿಲ್ವಾ ಸಾಹೇಬ್ರೇ? ಮೊದಲನೇ ಕರಣೆ ನಿಮ್ಮದೇ."

"ಅದು ಬೆಂಬಲ ಅಮ್ಮ. ಕೆಲಸ ಅಲ್ಲ." ಅವನು ನೂಲನ್ನು ಮೆಲ್ಲಗೆ ಕೆಳಗಿಟ್ಟ. "ಸಂಘ ತನ್ನ ಸ್ವಂತ ಇಚ್ಛೆಯಿಂದ ಮಾಡ್ತು ಅಂತ ಒಂದು ಠರಾವು ಆಗಲಿ. ಎಲ್ಲಾ ಮನೆಗಳ ಒಪ್ಪಿಗೆ ಇರಲಿ. ವಿಚಾರಣೆ ಆವತ್ತೇ ಮುಗಿಯುತ್ತೆ. ಮಾರನೇ ದಿನ ಗೋಡೆ ಕೆಲಸ ಶುರು. ನಿಮ್ಮ ಮನೆ, ನಿಮ್ಮ ಭಾವ... ಯೋಚನೆ ಮಾಡಿ."

ಅವಳು ಯೋಚನೆ ಮಾಡಿದಳು. ಸತ್ತವರು ಹೇಗೂ ಸತ್ತರು, ಬದುಕಿದವರ ತಲೆ ಮೇಲಿನ ಗೋಡೆ ನಿಂತರೆ ಸಾಕು ಅನ್ನಿಸಿತು. ಮಧ್ಯಾಹ್ನ ತಟ್ಟೆಯ ಮುಂದೆ ಕೂತ ಭಾವನಿಗೆ ಹೇಳಿದಳು. "ಒಪ್ಪಿಗೆ ಅಂದ್ಬಿಡಿ ಭಾವ. ನೀಲಿ ಬಾಗಿಲ ಮನೆ ಅಂತ ಕೂಗಿದಾಗ ಒಂದೇ ಸಲ. ನಿಮ್ಮದೂ ಅಕ್ಕಂದೂ ಸೇರಿಸಿ."

ಭಾವ ತುತ್ತನ್ನು ತಟ್ಟೆಗೇ ಬಿಟ್ಟ. "ನನ್ನ ಬಾಯಿಂದ ಏನು ಬೇಕಾದ್ರೂ ಹೇಳಿಸು. ನಾನೂ ಕರಣೆ ಹಿಡಿದಿದ್ದೆ, ನಿಜ. ಅವಳು ಹಿಡಿದಿರ್ಲಿಲ್ಲ ಕಣಮ್ಮ. ತೂತು ಮುಚ್ಬೇಡ್ರೋ, ಗೋಡೆಗೆ ಉಸಿರು ಕಟ್ಟುತ್ತೆ ಅಂತ ಬಾಗಿಲಲ್ಲಿ ನಿಂತು ಕೂಗ್ತಿದ್ಲು. ನಾವೆಲ್ಲ ನಕ್ಕಿದ್ವಿ."

ಟೈಲರಮ್ಮನಿಗೆ ನೆನಪಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ಭಾನುವಾರ ಸಭೆ ಸೇರಿತು. ಹೊರಗೆ ಬಿಸಿಲಿತ್ತು, ಕೋಣೆಯಲ್ಲಿ ಹಸಿ ಮಣ್ಣಿನ ವಾಸನೆ. ಟೈಲರಮ್ಮ ಮೂರು ಕುರ್ಚಿ ಒರೆಸಿದ್ದಳು. ಜನ ಬಂದು ಕೂರುವಷ್ಟರಲ್ಲಿ ಮತ್ತೆ ನೀರು ಮೂಡಿತ್ತು. ಬೆಂಬಲ ಸಾಹೇಬರು ತಡವಾಗಿ, ಕೈ ಮುಗಿಯುತ್ತಾ ಬಂದರು. ಮುಂದಿನ ಸಾಲು ಖಾಲಿ ಕಂಡಿತು. ಯಾರೋ "ಸಾಹೇಬ್ರೇ, ಅಲ್ಲಿ ಬೇಡ" ಅನ್ನುವುದರೊಳಗೆ, "ಪರವಾಗಿಲ್ಲ, ನಾನೂ ನಿಮ್ಮವನೇ" ಎಂದು ನೀಲಿ ಬಾಗಿಲ ಮನೆಯ ಕುರ್ಚಿಯಲ್ಲಿ ಕೂತುಬಿಟ್ಟರು. ಕೂತ ಕ್ಷಣ ಮುಖ ಸ್ವಲ್ಪ ಬದಲಾಯಿತು. ಆದರೆ ಅಧಿಕಾರಿಗಳಿಗೆ ಕೂತ ಜಾಗದಿಂದ ಏಳುವುದನ್ನು ಯಾರೂ ಕಲಿಸಿರುವುದಿಲ್ಲ.

ಹಾಜರಿ ಆಯಿತು. ಇಪ್ಪತ್ತೆರಡು "ಇದ್ದೀವಿ". ಮೇಷ್ಟ್ರು ಠರಾವು ಓದಿದರು. ಅವರದು ತರಗತಿಯ ದನಿ. ಆಮೇಲೆ ಒಂದೊಂದೇ ಮನೆಯ ಒಪ್ಪಿಗೆ ಕೇಳುತ್ತಾ ಹೋದರು. ಮೆಟ್ಟಿಲ ಮನೆ, ಒಪ್ಪಿಗೆ. ಮೂಲೆ ಮನೆ, ಒಪ್ಪಿಗೆ. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಹೊಲಿಗೆ ಮನೆ ಅಂದಾಗ ಟೈಲರಮ್ಮನೂ "ಒಪ್ಪಿಗೆ" ಅಂದಳು. ಬಾಯಲ್ಲಿ ಸುಣ್ಣದ ರುಚಿ ಬಂತು. ಕೆಳಗಿನಿಂದ ಹತ್ತುತ್ತಾ ಹತ್ತುತ್ತಾ ಹೆಸರುಗಳು ಮೇಲಿನ ಸಾಲಿಗೆ ತಲುಪಿದವು.

"ಗಡಿಯಾರದ ಮನೆ."

ಚಿಕ್ಕಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಗಡಿಯಾರದ ಮನೆ" ಎಂದು ಮೇಷ್ಟ್ರು ಮತ್ತೆ ಕೂಗಿದರು.

"ಇದ್ದೀವಿ ಅಂದೆನಲ್ಲ" ಅಂದಳು ಚಿಕ್ಕಮ್ಮ.

ಅಧಿಕಾರಿ ನಕ್ಕ. "ಹಾಜರಿದ್ದ ಮೇಲೆ ಅಭಿಪ್ರಾಯ ಹೇಳ್ಬೇಕಲ್ಲ ಚಿಕ್ಕಮ್ಮ?"

"ಅಭಿಪ್ರಾಯಾನ ಅವರನ್ನೇ ಕೇಳಿ ಸಾಹೇಬ್ರೇ. ನಿಮ್ಮ ಪಕ್ಕದಲ್ಲೇ ಕೂತಿದ್ದಾರೆ."

ಅವನು ಎಡಕ್ಕೆ ನೋಡಿದ. ಪಕ್ಕದ ಕುರ್ಚಿಯಿಂದ ನೀರು ಅಂಚು ದಾಟಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಥಟ್ಟನೆ ಎದ್ದು ನಿಂತ. ಅವನ ತಿಳಿ ಬಣ್ಣದ ಪ್ಯಾಂಟಿನ ಹಿಂಭಾಗ ಪೂರ್ತಿ ಕೆಂಪು ಕೆಸರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ನಗು ಅಲ್ಲಿಗೇ ಸತ್ತಿತು.

"ಯಾರು ಇಲ್ಲಿ ನೀರು ಹಾಕಿದ್ದು?"

"ನಾವು ಹಾಕಿದ್ದಲ್ಲ" ಅಂದ ಪ್ಲಂಬರ್. "ನಾವು ಮುಚ್ಚಿದ್ದು."

ಮೇಷ್ಟ್ರು ಕಣ್ಣು ಮುಚ್ಚಿಕೊಂಡು, ಬೇಗ ಮುಗಿದರೆ ಸಾಕೆಂಬಂತೆ ನರ್ಸಮ್ಮಂದಿರ ಮನೆಯನ್ನು ಬಿಟ್ಟು ಕೊನೆಯ ಹೆಸರು ಕೂಗಿದರು. "ನೀಲಿ ಬಾಗಿಲ ಮನೆ."

ಭಾವ ಎದ್ದು ನಿಂತ. ಬಾಯಿ ತೆರೆದ. ಎಲ್ಲರೂ ಅವನ ತುಟಿಯನ್ನೇ ನೋಡುತ್ತಿರುವಾಗ ಕೋಣೆಯಲ್ಲಿ ಇನ್ನೊಂದು ದನಿ ಎದ್ದಿತು, ಅಡುಗೆಮನೆಯಿಂದ ಕೂಗಿದ ಹಾಗೆ, ಕೊನೆಯ ಅಕ್ಷರವನ್ನು ಎಳೆಯುತ್ತಾ.

"ಒಪ್ಪಲ್ಲಾ..."

ಚಿಕ್ಕಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು. ಭಾವ ಹಿಂದಕ್ಕೆ ತಿರುಗಿದ, ಹೆಂಡತಿಯನ್ನು ಕಂಡವನ ಕಣ್ಣು ಅವು. ಎಲ್ಲರೂ ತನ್ನ ಕಡೆಗೇ ತಿರುಗಿ ನೋಡಿದಾಗ ಮಾತ್ರ ಟೈಲರಮ್ಮನಿಗೆ ತಿಳಿಯಿತು, ಆ ದನಿ ತನ್ನ ಬಾಯಿಂದಲೇ ಬಂದಿತ್ತೆಂದು. ಅವಳ ಗಂಟಲು ತಣ್ಣಗಿತ್ತು, ನಾಲಿಗೆಯ ಮೇಲೆ ಮಣ್ಣು.

ಅಧಿಕಾರಿಯ ನಯ ಕರಗಿತು. "ನೋಡಿಯಮ್ಮ, ಆಟ ಬೇಡ. ನಿಮ್ಮ ಮನೆ ಒಪ್ಪಿಗೆ ಅಂದಾಯ್ತು. ಈಗ ಸತ್ತವರ ಹೆಸರಲ್ಲಿ ಒಪ್ಪಲ್ಲ ಅಂತೀರಾ? ಸತ್ತವರಿಗೆ ಹಾಜರಿ ಹಾಕ್ಸಿ ಸಂಘ ಉಳಿಸಿಕೊಂಡಿದ್ದು ನಮಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಇಲ್ಲ ಅಂತ ಬರೆದ್ರೆ ಹತ್ತೊಂಬತ್ತೇ ಮನೆ. ಮಾನ್ಯತೆ ರದ್ದು. ಸಂಘವೇ ಇರಲ್ಲ."

ದೊಡ್ಡ ಮನಸ್ಸಿನ ನಿಜ ರೂಪ ಆಗ ಕಂಡಿತು. ಸತ್ತವರು ಹಾಜರಿರಲಿ ಎಂದು ಪಾಲಿಕೆ ಸುಮ್ಮನಿದ್ದದ್ದು, ಒಂದು ದಿನ ಅವರಿಂದಲೇ ಹೂಂ ಅನ್ನಿಸಲು. ಕೊಂದ ಕೈಯನ್ನು ಹೆಣದ ಸೆರಗಿನಿಂದಲೇ ಒರೆಸಿಕೊಳ್ಳಲು.

"ಸಂಘ ಇರಲ್ವಾ?" ಟೈಲರಮ್ಮ ಕೇಳಿದಳು. ಈ ಸಲ ದನಿ ಅವಳದೇ.

"ಇರಲ್ಲ."

"ಸಂಘ ಇಲ್ಲ ಅಂದ್ರೆ, ತೂತು ಮುಚ್ಚಿದ್ದು ಸಂಘ ಅಂತ ಯಾರ ತಲೆಗೆ ಕಟ್ತೀರಿ?"

ಅವನು ಪ್ಯಾಂಟಿನ ಕೆಸರು ಒರೆಸತೊಡಗಿದ.

"ಹೇಳಿ ಸಾಹೇಬ್ರೇ. ಅರ್ಜಿ ಕೊಟ್ಟಾಗ ಗೋಡೆ ಯಾರದ್ದು ಅಂತ ನಿಮಗೆ ಗೊತ್ತಿರ್ಲಿಲ್ಲ. ಬಣ್ಣ ಹೊಡಿಯೋವಾಗ ನಮ್ಮದಾಯ್ತು. ಬಿದ್ದಾಗ ಪೂರ್ತಿ ನಮ್ಮದೇ ಆಯ್ತು. ನಿಮಗೆ ಬೇಕಾಗಿದ್ದು ನಾವಲ್ಲ, ತಪ್ಪು ಹೊರಿಸೋಕೆ ಒಂದು ಹೆಸರು. ಆ ಹೆಸರು ನಾವು ವಾಪಸ್ ಕೊಡ್ತೀವಿ. ಕುರ್ಚಿನೂ ತಗೊಂಡ್ಹೋಗಿ."

"ದುಡುಕಬೇಡಿ. ಗೋಡೆ ಕೆಲಸ ನಿಲ್ಲುತ್ತೆ. ಅದರ ಕೆಳಗೆ ಇರೋರು ನೀವೇ."

ಆ ಮಾತು ಅವಳಿಗೆ ತಾಗಿತು. ಮೂರು ದಿನದಿಂದ ಅವಳನ್ನು ಮಣಿಸಿದ್ದೇ ಆ ಮಾತು. ಅವಳು ಭಾವನ ಕಡೆ ನೋಡಿದಳು. ಭಾವ ಒದ್ದೆ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು, ಯಾರದೋ ಹೆಗಲು ಹಿಡಿದವನಂತೆ ನಿಂತಿದ್ದ.

"ಅಣ್ಣಾ," ಎಂದು ಅವಳು ಪ್ಲಂಬರನನ್ನು ಕೇಳಿದಳು, "ಮುಚ್ಚಿದ ತೂತು ತೆಗಿಯೋಕೆ ಎಂಜಿನಿಯರ್ರೇ ಬೇಕಾ?"

"ಮುಚ್ಚೋಕೆ ಬೇಕಿರ್ಲಿಲ್ವಲ್ಲ" ಅಂದ ಪ್ಲಂಬರ್.

"ಮುಟ್ಟೋ ಹಾಗಿಲ್ಲ! ವಿಚಾರಣೆಯಲ್ಲಿರೋ ಗೋಡೆ ಅದು. ಸಂಘದ ಮೇಲೆ ಕೇಸು ಬೀಳುತ್ತೆ."

ಆಗ ಮೇಷ್ಟ್ರು ಕಣ್ಣು ತೆರೆದರು. ಆ ಮುದುಕ ಕುಸಿತದ ದಿನದಿಂದ ಯಾರ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಠರಾವಿನ ಹಾಳೆಯನ್ನು ಮಡಿಸದೆ, ಹರಿಯದೆ, ಎದುರಿನ ಒದ್ದೆ ಕುರ್ಚಿಯ ನೀರಿನಲ್ಲಿ ಮಲಗಿಸಿದರು. ಶಾಯಿ ಕದಡಿತು.

"ಹಾಜರಿ ತಪ್ಪಾಗಿದೆ" ಅಂದರು. "ಇಲ್ಲಿರೋದು ಹತ್ತೊಂಬತ್ತು ಮನೆ. ಐದು ಜನ ಸತ್ತಿದ್ದಾರೆ. ಸಂಘ ಇಲ್ಲ. ಎಲ್ಲಾ ಏಳಿ."

ಎಲ್ಲರೂ ಎದ್ದರು. ಸತ್ತಿದ್ದಾರೆ ಎಂಬ ಮಾತನ್ನು ಆ ಕೋಣೆಯೊಳಗೆ ಓಣಿಯವರೊಬ್ಬರು ಆಡಿದ್ದು ಅದೇ ಮೊದಲು. ಟೈಲರಮ್ಮ ಭಾವನ ತೋಳು ಹಿಡಿದು ಅತ್ತಳು. ಭಾವ ಅವಳ ತಲೆ ಮೇಲೆ ಕೈಯಿಟ್ಟು, "ಹೊರಗೆ ನಡಿಯಮ್ಮ. ಮೊದಲು ಗೋಡೆ ಕೆಳಗಿನವರನ್ನ ಖಾಲಿ ಮಾಡಿಸ್ಬೇಕು" ಅಂದ.

ಗೋಡೆಯ ಬುಡದ ಮನೆಗಳಿಂದ ಮುದುಕರನ್ನು, ಮಕ್ಕಳನ್ನು ಓಣಿಯ ಬಾಯಿಗೆ ಕಳಿಸಿದರು. ಒಲೆ ಆರಿಸಿದರು. ಹೊಲಿಗೆ ಮೆಷಿನ್ನನ್ನು ನಾಲ್ಕು ಜನ ಎತ್ತಿ ಚಿಕ್ಕಮ್ಮನ ಕಟ್ಟೆಯ ಮೇಲಿಟ್ಟರು. ಆಮೇಲೆ ಪ್ಲಂಬರ್, ಹೊಟ್ಟೆ ಬಂದ ಜಾಗವನ್ನು ಬಿಟ್ಟು, ಒಂದು ಪಕ್ಕಕ್ಕೆ ಏಣಿ ಹಾಕಿ, ಕೈಗೆಟುಕುವ ಮೇಲಿನ ತೂತಿಗೆ ಉಳಿ ಹಿಡಿದ. ಸುತ್ತಿಗೆಯ ಮೊದಲ ಏಟಿಗೆ ಕಿತ್ತಳೆ ಚಿಟ್ಟೆಯ ತಲೆ ಉದುರಿತು. ಸಿಮೆಂಟು ಗಟ್ಟಿಯಿತ್ತು, ಓಣಿ ಪ್ರೀತಿಯಿಂದ ಮಾಡಿದ ಕೆಲಸ ಅದು. ಭಾವ ಕೆಳಗಿನಿಂದ ಏಣಿ ಹಿಡಿದಿದ್ದ. ಉಳಿ ಒಳಗೆ ಜಾರಿದಾಗ ಕ್ಷಣಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಉಸಿರು ಬಂತು, ಹಳಸಿದ, ತಣ್ಣನೆಯ, ಬಹಳ ದಿನ ಬಾಯಿ ಮುಚ್ಚಿಸಿಕೊಂಡವರ ಉಸಿರು. ಅದರ ಹಿಂದೆ ನೀರು. ಕೆಂಪಾಗಿ, ದಪ್ಪವಾಗಿ, ಪ್ಲಂಬರನ ಎದೆಯ ಮೇಲೆ ಬಿದ್ದು, ಭಾವನ ಮುಖದ ಮೇಲೆ ಹರಿಯಿತು. ಅವನು ಒರೆಸಿಕೊಳ್ಳಲಿಲ್ಲ.

"ಇನ್ನೊಂದು ಉಳಿ ಇದೆಯಾ?" ಎಂದು ಕೇಳಿ ಟೈಲರಮ್ಮ ಸೀರೆ ಎತ್ತಿ ಕಟ್ಟಿದಳು.

ನೀರು ಓಣಿಯ ಇಳಿಜಾರಿನಲ್ಲಿ ಹರಿದು ಬಂದು ಬೆಂಬಲ ಸಾಹೇಬರ ಬೂಟುಗಳನ್ನು ಸುತ್ತಿಕೊಂಡಿತು. ಅವನು ಒಂದು ಕಾಲನ್ನೆತ್ತಿ, ಎಲ್ಲಿಡಬೇಕೆಂದು ತೋಚದೆ, ಮತ್ತೆ ಅಲ್ಲೇ ಇಟ್ಟು, ಫೋನಿನಲ್ಲಿ ಮೇಲಿನವರಿಗೆ ಹೇಳುತ್ತಿದ್ದ.

"ಹೌದು ಸರ್, ಗೋಡೆ ಒಡೀತಿದ್ದಾರೆ... ಇಲ್ಲ ಸರ್, ನನ್ನ ಮಾತು ಕೇಳ್ತಿಲ್ಲ... ಯಾವ ಸಂಘ ಅಂದ್ರೆ... ಸಂಘ ಅಲ್ಲ ಸರ್." ಅವನು ದನಿ ತಗ್ಗಿಸಿದ. "ಜನ ಸರ್."